ಎರಿ ಹೊಲ, ಜಂಬಿಟ್ಟಿಗೆ ನೆಲ, ಉಪ್ಪು ಮರಳು: ಪಲ್ಸ್ ಇಂಡಕ್ಷನ್ ಡಿಟೆಕ್ಟರ್ ಬಳಸುವ ಬಗೆ

ಹೊಲದಲ್ಲಿ ಉಂಗುರ ಬಿತ್ತು ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವ ಮಾತು ಒಂದೇ: "ಕುಂಟಿ ನಿಲ್ಲಿಸೀರೋ ಇಲ್ಲೋ?" ಬಿದ್ದ ಜಾಗದ ಮೇಲೆ ಇನ್ನೊಂದು ಸಲ ಕುಂಟಿ ಹೋದರೆ ಎರಡು ಬೆರಳು ಆಳದಲ್ಲಿದ್ದದ್ದು ಗೇಣು ಆಳಕ್ಕೆ ಇಳಿಯಬಹುದು, ಇಲ್ಲಿದ್ದದ್ದು ಹತ್ತು ಮಾರು ಆಚೆಗೆ ಎಳೆದುಕೊಂಡು ಹೋಗಬಹುದು. ಮಡಿಗೆ ನೀರು ಬಿಟ್ಟಿದ್ದರೆ ಅದನ್ನೂ ನಿಲ್ಲಿಸಬೇಕು. ಆಮೇಲೆ ಎರಡನೆಯ ಪ್ರಶ್ನೆ: ಉಂಗುರ ಬೆರಳಲ್ಲಿದ್ದದ್ದನ್ನು ಕೊನೆಗೆ ನೋಡಿದ್ದು ಯಾವಾಗ? ಬುತ್ತಿ ಬಿಚ್ಚುವ ಮೊದಲು ಕೈ ತೊಳೆದದ್ದು ಎಲ್ಲಿ, ಕಿತ್ತ ಕಸವನ್ನು ಯಾವ ಬದುವಿನ ಮೇಲೆ ಒಗೆದಿರಿ, ಕೈ ಕೊಡವಿದ್ದು ಎಲ್ಲಿ? ಹೀಗೆ ಹತ್ತು ನಿಮಿಷ ಸಮಾಧಾನದಿಂದ ಮಾತಾಡಿದರೆ ಎರಡು ಎಕರೆಯ ಹುಡುಕಾಟ ಎರಡು ಗುಂಟೆಗೆ ಇಳಿಯುತ್ತದೆ. ಯಂತ್ರದ ಕೆಲಸ ಶುರುವಾಗುವುದು ಅದಾದ ಮೇಲೆ.

ನಾನು ಜಮಖಂಡಿ ಕಡೆಯವನು, ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ನನ್ನ ಕಸುಬು. ತಾಮ್ರದ ತಂತಿ, ಕಾಯಿಲು ಇವೇ ನನ್ನ ದಿನದ ಕೆಲಸವಾದ್ದರಿಂದ, ನೆಲದೊಳಗಿನ ಲೋಹ ಹುಡುಕುವ ಪಲ್ಸ್ ಇಂಡಕ್ಷನ್ (ಪಿಐ) ಡಿಟೆಕ್ಟರ್ ನನಗೆ ಬೇಗ ಒಗ್ಗಿತು. ಪರಿಚಯದವರ ಉಂಗುರ, ಕಾಲುಂಗುರ, ಮಣ್ಣಲ್ಲಿ ಹೂತು ಹೋದ ವಾಲ್ವು, ಟ್ರ್ಯಾಕ್ಟರಿನಿಂದ ಕಳಚಿಬಿದ್ದ ಪಿನ್ನು ಇಂಥವನ್ನು ಹುಡುಕಿಕೊಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಭಾಗದ ಮಣ್ಣಿಗೆ ಈ ಯಂತ್ರ ಯಾಕೆ ಬೇಕು, ಎಲ್ಲಿ ಕೈಕೊಡುತ್ತದೆ ಎನ್ನುವುದು ಕೊಳ್ಳುವ ಮೊದಲೇ ತಿಳಿದಿರಬೇಕು.

ಯಂತ್ರ ಒಳಗೆ ಏನು ಮಾಡುತ್ತದೆ

ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಸಾದಾ ಡಿಟೆಕ್ಟರನ್ನು ವಿಎಲ್‌ಎಫ್ ಎನ್ನುತ್ತಾರೆ. ಅದು ನೆಲದೊಳಗೆ ಎಡೆಬಿಡದೆ ಅಲೆ ಕಳಿಸುತ್ತಲೇ ಇರುತ್ತದೆ, ಕಳಿಸುತ್ತಿರುವಾಗಲೇ ಕೇಳುತ್ತದೆ. ಹೀಗಾಗಿ ಲೋಹದ ಉತ್ತರ, ಮಣ್ಣಿನ ಉತ್ತರ ಎರಡೂ ಒಟ್ಟಿಗೆ ಬರುತ್ತವೆ. ಮಣ್ಣು ಶಾಂತವಾಗಿದ್ದರೆ ಅವನ್ನು ಬೇರ್ಪಡಿಸುವುದು ಸುಲಭ. ಮಣ್ಣೇ ಗದ್ದಲ ಮಾಡುವಂಥದ್ದಾದರೆ ಉಂಗುರದ ಸದ್ದು ಅದರಲ್ಲಿ ಮುಳುಗಿ ಹೋಗುತ್ತದೆ.

ಪಲ್ಸ್ ಇಂಡಕ್ಷನ್ ಯಂತ್ರ ಕಳಿಸುತ್ತದೆ, ನಿಲ್ಲಿಸುತ್ತದೆ, ಆಮೇಲೆ ಕೇಳುತ್ತದೆ. ಗುಡಿಯ ಗಂಟೆಗೆ ಒಂದು ಪೆಟ್ಟು ಕೊಟ್ಟು ಕೈ ತೆಗೆದರೆ ನಾದ ಉಳಿಯುತ್ತದೆ. ಮಣ್ಣಿನ ಗೋಡೆಗೆ ಗುದ್ದಿದರೆ ಸದ್ದು ಅಲ್ಲೇ ಅಡಗುತ್ತದೆ. ಪೆಟ್ಟು ಕೊಟ್ಟ ಕ್ಷಣದಲ್ಲಿ ಕಿವಿ ಮುಚ್ಚಿಕೊಂಡು, ಒಂದು ಗಳಿಗೆ ಬಿಟ್ಟು ತೆರೆದರೆ ಗಂಟೆ ಮಾತ್ರ ಕೇಳುತ್ತದೆಯಲ್ಲ, ಇದೂ ಹಾಗೆಯೇ. ಕೋಲಿನ ತುದಿಯಲ್ಲಿ, ನೆಲದ ಮೇಲೆ ಆಡಿಸುವ ಕಾಯಿಲಿಗೆ ಕರೆಂಟು ಕೊಟ್ಟು ತಟ್ಟನೆ ಕಡಿಯುತ್ತಾರೆ. ಮೋಟರಿನ ಸ್ವಿಚ್ ತೆಗೆಯುವಾಗ ಕಿಡಿ ಹಾರುವುದನ್ನು ನೋಡಿದ್ದೀರಲ್ಲ, ಅದೇ ಕಾರಣಕ್ಕೆ ಇಲ್ಲಿಯೂ ಕಾಯಿಲಿನಲ್ಲಿ ಒಂದು ಕ್ಷಣ ನೂರಾರು ವೋಲ್ಟ್ ಏಳುತ್ತದೆ. ಕಾಂತಕ್ಷೇತ್ರ ಹೀಗೆ ಒಮ್ಮೆಲೇ ಕುಸಿದಾಗ ಹತ್ತಿರದ ಲೋಹದಲ್ಲಿ ಸುಳಿ ಕರೆಂಟು ಹುಟ್ಟಿ, ನಿಧಾನವಾಗಿ ಸಾಯುತ್ತದೆ. ಯಂತ್ರ ಕೇಳುವುದು ಆ ಸಾಯುತ್ತಿರುವ ಕರೆಂಟನ್ನು. ಕಡಿದ ಮೇಲೆ ಕೇಳಲು ಶುರು ಮಾಡುವ ತನಕದ ಅವಧಿಗೆ ಡಿಲೇ ಎನ್ನುತ್ತಾರೆ. ಅದು ಸಾಮಾನ್ಯವಾಗಿ 10ರಿಂದ 25 ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಪಾಲಿನಲ್ಲಿ ಹತ್ತು, ಇಪ್ಪತ್ತು. ಇಡೀ ಆಟ ಸೆಕೆಂಡಿಗೆ ನೂರಾರು, ಎಷ್ಟೋ ಯಂತ್ರಗಳಲ್ಲಿ ಸಾವಿರಾರು ಸಲ ನಡೆಯುತ್ತದೆ.

ದಪ್ಪ ಬೆಳ್ಳಿ ಕಡಗದಲ್ಲಿ, ತಾಮ್ರದ ತುಂಡಿನಲ್ಲಿ ಸುಳಿ ಕರೆಂಟು ಬಹಳ ಹೊತ್ತು ಉಳಿಯುತ್ತದೆ. ತೆಳ್ಳನೆಯ ಚಿನ್ನದ ಉಂಗುರದಲ್ಲಿ ಬೇಗ ಸಾಯುತ್ತದೆ. ಸಮುದ್ರದ ಉಪ್ಪು ನೀರಿನಲ್ಲಿ ಇನ್ನೂ ಬೇಗ, ಕೆಲವೇ ಮೈಕ್ರೊಸೆಕೆಂಡಿನಲ್ಲಿ. ಉಪ್ಪು ನೀರು ಸುಮ್ಮನಾದ ಮೇಲೆ, ಉಂಗುರ ಸುಮ್ಮನಾಗುವ ಮೊದಲು ಕಿವಿ ತೆರೆಯುವುದೇ ಈ ಯಂತ್ರದ ಜಾಣತನ.

ನಮ್ಮ ಮಣ್ಣಿನ ಸ್ವಭಾವ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಎರಿ ಮಣ್ಣಿನ ಬಹುಪಾಲು ದಖನ್ನಿನ ಕಪ್ಪು ಕಲ್ಲು ಸವೆದು ಆದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಅದು. ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಸಣ್ಣ ಸಣ್ಣ ಕಣಗಳಾಗಿ ಬೆರೆತಿದೆ. ಸಾದಾ ಡಿಟೆಕ್ಟರ್ ಎರಿ ಹೊಲದಲ್ಲಿ ಅಳುಬುರುಕ ಕೂಸಿನಂತೆ ಒಂದೇ ಸಮನೆ ಕೂಗುವುದು ಇದರಿಂದಲೇ.

ಪಲ್ಸ್ ಇಂಡಕ್ಷನ್ನಿಗೆ ಮಣ್ಣಿನ ತೊಂದರೆಯೇ ಇಲ್ಲ ಎಂದು ಮಾರುವವರು ಹೇಳುತ್ತಾರೆ. ಅದು ಅರ್ಧ ಸತ್ಯ. ದೊಡ್ಡ ಕಣಗಳು ಕಾಂತಕ್ಷೇತ್ರ ಹೋದ ಕೂಡಲೇ ಸುಮ್ಮನಾಗುತ್ತವೆ, ಅವುಗಳಿಂದ ನಿಜಕ್ಕೂ ತೊಂದರೆಯಿಲ್ಲ. ಆದರೆ ಬಸಾಲ್ಟಿನ ಮಣ್ಣಿನಲ್ಲಿ, ಖಾನಾಪುರ ಕಡೆಯ ಜಂಬಿಟ್ಟಿಗೆ ನೆಲದಲ್ಲಿ, ಕಣ್ಣಿಗಲ್ಲ ಸಾದಾ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಕಣಗಳೂ ಇರುತ್ತವೆ. ಅವು ಕಾಂತಕ್ಷೇತ್ರವನ್ನು ಒಮ್ಮೆಲೇ ಬಿಡುವುದಿಲ್ಲ, ನಿಧಾನವಾಗಿ ಬಿಡುತ್ತಾ ಬರುತ್ತವೆ. ಯಂತ್ರದ ಕಿವಿಗೆ ಅದು ಲೋಹದ ನಾದದಂತೆಯೇ ಕೇಳುತ್ತದೆ. ಹೀಗಾಗಿ ನಮ್ಮ ಭಾಗಕ್ಕೆ ಯಂತ್ರ ಕೊಳ್ಳುವವರು ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಸದ್ದನ್ನು ಅಳಿಸುವ ಏರ್ಪಾಡು, ಇರುವುದನ್ನೇ ಕೊಳ್ಳಬೇಕು. ಸಮುದ್ರದ ದಂಡೆಗೆಂದೇ ಮಾಡಿದ, ಗ್ರೌಂಡ್ ಬ್ಯಾಲೆನ್ಸ್ ಇಲ್ಲದ ಪಿಐ ಯಂತ್ರ ಉಪ್ಪು ಮರಳಿನಲ್ಲಿ ಚಂದ ಕೆಲಸ ಮಾಡಿ, ಖಾನಾಪುರದ ಕೆಂಪು ನೆಲದಲ್ಲಿ ಕಾಯಿಲು ಇಳಿಸಿದಾಗಲೆಲ್ಲ ಗುಂಯ್‌ಗುಡುತ್ತದೆ.

ಬಣ್ಣ ನೋಡಿ ಮಣ್ಣನ್ನು ಅಳೆಯಬೇಡಿ. ಬಾದಾಮಿಯ ಕಲ್ಲು ಕೆಂಪಗಿದೆ, ಖಾನಾಪುರದ ನೆಲವೂ ಕೆಂಪಗಿದೆ. ಬಾದಾಮಿಯದು ಮರಳುಗಲ್ಲು. ಅದರ ಕೆಂಪಿಗೆ ಕಾರಣವಾದ ಹೆಮಟೈಟ್‌ಗೆ ಕಾಂತಗುಣ ತೀರಾ ಕಡಿಮೆ. ಸರಿಯಾದ ಪರೀಕ್ಷೆ ಹೀಗಿದೆ: ಹಳೇ ಸ್ಪೀಕರಿನ ಅಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಣಗಿದ ಪುಡಿ ಮಣ್ಣಿನಲ್ಲಿ ಎರಡು ಮೂರು ಸಲ ಆಡಿಸಿ ಎತ್ತಿ. ಚೀಲಕ್ಕೆ ಗಡ್ಡದಂತೆ ಕರೀ ಪುಡಿ ಅಂಟಿದರೆ ಆ ನೆಲ ಬಿರುಸು ಎಂದು ತಿಳಿಯಿರಿ. ಚೀಲವನ್ನು ಒಳಗೆ ಹೊರಗೆ ಮಾಡಿದರೆ ಪುಡಿ ಉದುರುತ್ತದೆ, ಅಯಸ್ಕಾಂತ ಶುಚಿಯಾಗಿಯೇ ಇರುತ್ತದೆ.

ಬೆಂಕಿ ಕಂಡ ಮಣ್ಣಿಗೂ ಈ ಕಾಟ ಇದೆ. ಇಟ್ಟಿಗೆ ಭಟ್ಟಿ ಇದ್ದ ಜಾಗ, ಬೆಲ್ಲದ ಗಾಣದ ಒಲೆ ಇದ್ದ ಜಾಗ, ಕಬ್ಬು ಕಡಿಯುವ ಗುಂಪಿನವರು ತಿಂಗಳುಗಟ್ಟಲೆ ಒಲೆ ಹೂಡಿದ ಜಾಗ ಇಲ್ಲೆಲ್ಲ ಕಾದ ಮಣ್ಣೇ ಸದ್ದು ಕೊಡುತ್ತದೆ. ಅಗೆದರೆ ಏನೂ ಸಿಗುವುದಿಲ್ಲ. ಅಗೆದ ಮಣ್ಣನ್ನು ಗುಂಡಿಯಿಂದ ದೂರ ಹರಡಿ, ಅದರ ಮೇಲೆ ಕಾಯಿಲು ಆಡಿಸಿದಾಗಲೂ ಮಂಕಾದ ಸದ್ದು ಎಲ್ಲ ಕಡೆ ಸಮನಾಗಿ ಬಂದರೆ ಅದು ಬೆಂದ ಮಣ್ಣು ಎಂದು ಬಿಟ್ಟುಬಿಡಿ.

ಮನೆಯ ಅಂಗಳದಲ್ಲಿ ಒಂದು ವಾರ

ಯಂತ್ರ ತಂದ ಮರುದಿನವೇ ಸಮುದ್ರಕ್ಕೆ ಓಡಬೇಡಿ. ನಿಮ್ಮದೇ ಹೊಲದ ಮೂಲೆಯಲ್ಲಿ ಒಂದು ಪರೀಕ್ಷೆಯ ಸಾಲು ಮಾಡಿ. ಕಾಯಿಲಿನಿಂದ ಮೊದಲು ಆ ಸಾಲನ್ನು ಶುಚಿ ಮಾಡಿ, ಅಂದರೆ ಇದ್ದ ಮೊಳೆ, ತಂತಿ ಎಲ್ಲ ತೆಗೆದು, ಎರಡೆರಡು ಅಡಿಗೆ ಒಂದರಂತೆ ವಸ್ತು ಹೂಳಿ: ಒಂದು ಬೆಳ್ಳಿ ಕಾಲುಂಗುರ, ಒಂದು ತಾಮ್ರದ ಉಂಗುರ, ಎರಡು ಇಂಚಿನ ಮೊಳೆ, ಸೋಡಾ ಬಾಟಲಿಯ ಮುಚ್ಚಳ, ಎತ್ತಿನ ನಾಲು. ಪ್ರತಿಯೊಂದನ್ನೂ ಮೊದಲು 10 ಸೆಂಟಿಮೀಟರ್, ಆಮೇಲೆ 20, ಆಮೇಲೆ 30ಕ್ಕೆ ಇಳಿಸಿ. ಎಲ್ಲಕ್ಕೂ ದಾರ ಕಟ್ಟಿ ಮೇಲೆ ಬಿಡಿ, ಇಲ್ಲವಾದರೆ ಪರೀಕ್ಷೆಗೆ ಇಟ್ಟದ್ದನ್ನೇ ಹುಡುಕುವ ಪಾಳಿ ಬರುತ್ತದೆ. ಚಿನ್ನವನ್ನು ಹೂಳಬೇಡಿ. ಅದನ್ನು ಗಾಳಿಯಲ್ಲೇ, ಕಾಯಿಲಿನಿಂದ ಎಷ್ಟು ದೂರಕ್ಕೆ ಕೇಳುತ್ತದೆ ಎಂದು ಪಟ್ಟಿ ಹಿಡಿದು ಅಳೆದು ಬರೆದಿಡಿ.

ನಾಣ್ಯದ ಬಗ್ಗೆ ಒಂದು ಮಾತು. ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಸ್ಟೇನ್‌ಲೆಸ್ ಸ್ಟೀಲಿನವು, ಅಯಸ್ಕಾಂತಕ್ಕೆ ಅಂಟುತ್ತವೆ. ಅವುಗಳಿಂದ ಕಿವಿ ಪಳಗಿಸಿದರೆ ಕಬ್ಬಿಣದ ಸದ್ದಿಗೆ ಪಳಗಿಸಿದಂತೆಯೇ.

ಈ ಒಂದು ವಾರದಲ್ಲಿ ಮೂರು ವಿಷಯ ಗಟ್ಟಿಯಾಗಿ ಮನಸ್ಸಿಗೆ ಬರುತ್ತವೆ. ಚಿಕ್ಕ ವಸ್ತು ಕಾಯಿಲಿನ ಅಗಲದಷ್ಟು ಆಳದ ತನಕ ಕೇಳಿದರೆ ಅದೇ ದೊಡ್ಡದು. ದೂರ ಹೆಚ್ಚಿದಂತೆ ಸದ್ದು ಬಲು ಬೇಗ ಬೀಳುತ್ತದೆ. ಆಳದಲ್ಲಿರುವ ಚಿಕ್ಕ ವಸ್ತುವಿನ ದೂರ ಎರಡು ಪಟ್ಟಾದರೆ ಸದ್ದು ಹತ್ತಿರ ಹತ್ತಿರ 64ರಲ್ಲಿ ಒಂದು ಪಾಲಾಗುತ್ತದೆ. ಹಾಗಾಗಿ ಕಾಯಿಲನ್ನು ಬೇಕಿಲ್ಲದೆ ನಾಲ್ಕು ಬೆರಳು ಮೇಲೆ ಹಿಡಿದು ನಡೆಯುವವನು ಆ ನಾಲ್ಕು ಬೆರಳನ್ನಲ್ಲ, ಉಂಗುರವನ್ನೇ ಕಳೆದುಕೊಳ್ಳುತ್ತಾನೆ. ಮೂರನೆಯದು, ಮೊಳೆಗೂ ಉಂಗುರಕ್ಕೂ ಇರುವ ಭೇದವನ್ನು ಈ ಯಂತ್ರ ನಿಮಗೆ ಹೇಳುವುದಿಲ್ಲ. ಉದ್ದನೆಯ ಮೊಳೆ ಅಡ್ಡ ಬಿದ್ದಿದ್ದರೆ ಒಮ್ಮೊಮ್ಮೆ ಎರಡು ತುದಿಗೆ ಎರಡು ಸದ್ದು ಬರುತ್ತದೆ, ಅಷ್ಟೇ ಸುಳಿವು. ಗ್ರೌಂಡ್ ಬ್ಯಾಲೆನ್ಸ್ ಇರುವ ಕೆಲವು ಯಂತ್ರಗಳಲ್ಲಿ ಬೇಗ ಸಾಯುವ ಲೋಹಕ್ಕೆ ಒಂದು ಸ್ವರ, ನಿಧಾನವಾಗಿ ಸಾಯುವುದಕ್ಕೆ ಇನ್ನೊಂದು ಸ್ವರ ಬರುತ್ತದೆ. ಅದನ್ನು ನಂಬಿ ಅಗೆಯುವುದನ್ನು ಬಿಡಬೇಡಿ. ಪಿಐ ಹಿಡಿದವನು ಸದ್ದು ಬಂದ ಕಡೆ ಎಲ್ಲ ಅಗೆಯಬೇಕು.

ಸರಗಳ ವಿಷಯ ಕಠಿಣವಾಗಿದೆ. ತೆಳ್ಳನೆಯ ಚಿನ್ನದ ಸರದಲ್ಲಿ ಸುಳಿ ಕರೆಂಟು ಇಡೀ ಸರದಲ್ಲಿ ಓಡಾಡುವುದಿಲ್ಲ, ಒಂದೊಂದು ಕೊಂಡಿಯಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಯಂತ್ರಕ್ಕೆ ಅದು ಕೂದಲಿನಷ್ಟು ಸಣ್ಣ ಸಣ್ಣ ಬಳೆಗಳ ರಾಶಿ. ಸಿಕ್ಕರೆ ಕೊಕ್ಕೆಯಿಂದಲೋ ಪದಕದಿಂದಲೋ ಸಿಗುತ್ತದೆ. ಸರ ಕಳೆದವರಿಗೆ ಇದನ್ನು ಮೊದಲೇ ಹೇಳಿಬಿಡಿ. ಹುಸಿ ಭರವಸೆ ಕೊಟ್ಟು ಸಂಜೆ ಬರಿಗೈಯಲ್ಲಿ ನಿಲ್ಲುವುದು ಯಾರಿಗೂ ಬೇಡ.

ಗುಂಡಿಗಳನ್ನು ತಿರುಗಿಸುವ ಕ್ರಮ

ಹೊಲಕ್ಕೆ ಹೋದ ಕೂಡಲೇ ಯಂತ್ರ ಚಾಲೂ ಮಾಡಿ ಐದು ನಿಮಿಷ ಸುಮ್ಮನೆ ಬಿಡಿ, ಒಳಗಿನ ಸರ್ಕ್ಯೂಟು ಸ್ಥಿರವಾಗಲಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ಗಾಡಿಯಲ್ಲಿಡಿ. ಕೈಗಡಿಯಾರ, ಕಡಗ ತೆಗೆಯಿರಿ. ಕಬ್ಬಿಣದ ಮೂತಿಯ ಬೂಟು ಹಾಕಿಕೊಂಡು ಬಂದಿದ್ದರೆ ಚಪ್ಪಲಿಗೆ ಬದಲಿಸಿ.

ಕಾಯಿಲನ್ನು ಸೊಂಟದ ಎತ್ತರಕ್ಕೆ ಎತ್ತಿ ಹಿಡಿದಾಗಲೂ ಯಂತ್ರ ಬಡಬಡಿಸಿದರೆ ಅದು ಮಣ್ಣಿನ ತಪ್ಪಲ್ಲ, ವಿದ್ಯುತ್ತಿನದು. ನಮ್ಮ ಹೊಲಗಳಲ್ಲಿ ಇದೇ ದೊಡ್ಡ ಕಾಟ: ತಲೆಯ ಮೇಲೆ ಲೈನು, ಬದುವಿನಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್), ಬೋರಿನ ಕೇಬಲ್ಲು. ಸೋಲಾರ್ ಝಟಕಾ ಬೇಲಿ ಇದ್ದರೆ ಸೆಕೆಂಡಿಗೊಂದು ಟಿಕ್ ಎಂಬ ಸದ್ದು ಬೇರೆ. ಬೇಲಿಯ ಮಷೀನನ್ನು ಮಾಲೀಕರ ಕೈಯಿಂದ ಬಂದ್ ಮಾಡಿಸಿ. ಲೈನಿಗೆ ಉಪಾಯ ಇದೆ: ಹೊಲದ ತ್ರೀ ಫೇಸ್ ಕರೆಂಟು ದಿನದ ಕೆಲವೇ ತಾಸು ಇರುತ್ತದೆ, ಅದು ಹೋದ ಮೇಲೆ ಹುಡುಕಿ. ರೈತರು ಕರೆಂಟು ಬರುವ ತಾಸಿಗೆ ಕಾಯುತ್ತಾರೆ, ನಾನು ಹೋಗುವ ತಾಸಿಗೆ ಕಾಯುತ್ತೇನೆ. ಆಗಲೂ ಗದ್ದಲ ಇದ್ದರೆ ಯಂತ್ರದಲ್ಲಿರುವ ಫ್ರೀಕ್ವೆನ್ಸಿ ಗುಂಡಿಯನ್ನು ಹೆಚ್ಚು ಕಡಿಮೆ ಮಾಡಿ ಶಾಂತವಾದ ಜಾಗ ಹಿಡಿಯಿರಿ. ಎಲ್ಲ ಆದ ಮೇಲೂ ಉಳಿದರೆ ಮಾತ್ರ ಸೆನ್ಸಿಟಿವಿಟಿ ಇಳಿಸಿ.

ಮುಂದೆ ತ್ರೆಶೋಲ್ಡ್, ಅಂದರೆ ಸದಾ ಕೇಳುತ್ತಿರುವ ತಳದ ಸದ್ದು. ಹೆಡ್‌ಫೋನ್ ಹಾಕಿಕೊಂಡು, ದೂರದ ಜೇನುಗೂಡಿನಷ್ಟು ಸಣ್ಣ ಗುಂಯ್ ಸದ್ದು ಕೇಳುವಲ್ಲಿ ನಿಲ್ಲಿಸಿ. ಪೂರಾ ಮೌನ ಮಾಡಿದರೆ ಆಳದ ಚಿಕ್ಕ ವಸ್ತುವಿನ ಮಿಸುಕು ಗೊತ್ತೇ ಆಗುವುದಿಲ್ಲ.

ಗ್ರೌಂಡ್ ಬ್ಯಾಲೆನ್ಸಿಗೆ ಲೋಹವಿಲ್ಲದ ಒಂದು ತುಂಡು ನೆಲ ಹುಡುಕಿಕೊಳ್ಳಿ. ಕಾಯಿಲನ್ನು ನೆಲದಿಂದ ಮೊಣಕಾಲೆತ್ತರಕ್ಕೆ, ಮತ್ತೆ ನೆಲಕ್ಕೆ, ಒರಳಿನಲ್ಲಿ ಒನಕೆ ಆಡಿಸುವ ಹಾಗೆ ಮೇಲೆ ಕೆಳಗೆ ಮಾಡುತ್ತಾ, ಎರಡೂ ಕಡೆ ಸದ್ದು ಒಂದೇ ಆಗುವ ತನಕ ಗುಂಡಿ ತಿರುಗಿಸಿ. ಎರಿ ಹೊಲದಿಂದ ಮಸಾರಿ ಹೊಲಕ್ಕೆ ದಾಟಿದರೆ ಮತ್ತೆ ಮಾಡಬೇಕು. ಇದಕ್ಕೊಂದು ಬೆಲೆಯೂ ಇದೆ: ಮಣ್ಣಿನ ಸದ್ದನ್ನು ಅಳಿಸುವಾಗ, ಮಣ್ಣಿನಂತೆಯೇ ಸಾಯುವ ಕೆಲವು ಲೋಹದ ಸದ್ದೂ ಅಳಿಯುತ್ತದೆ. ಮಣ್ಣು ಶಾಂತವಾಗಿದ್ದಲ್ಲಿ ಗ್ರೌಂಡ್ ಬ್ಯಾಲೆನ್ಸ್ ಬಂದ್ ಇಟ್ಟು ಹುಡುಕುವುದು ಇದಕ್ಕೇ.

ಕೊನೆಗೆ ಡಿಲೇ. ಈ ಗುಂಡಿಯ ಬೆಲೆ ನನಗೆ ಗೊತ್ತಾದದ್ದು ಒಂದು ಉಳ್ಳಾಗಡ್ಡಿ ಹೊಲದಲ್ಲಿ. ಅಕ್ಕ ಒಬ್ಬರು ಕಸ ತೆಗೆಯುವಾಗ ಉಂಗುರ ಜಾರಿತ್ತು. ಒಂದೂವರೆ ಗ್ರಾಮಿನದು, ಮದುವೆಯಲ್ಲಿ ತವರಿನಿಂದ ಬಂದದ್ದು. ಮುಂಜಾನೆಯಿಂದ ಎರಡು ಸಲ ಆ ಮಡಿಗಳನ್ನು ಬಳಿದೆ. ಮೊಳೆ ಸಿಕ್ಕಿತು, ಬ್ಲೇಡಿನ ತುಂಡು ಸಿಕ್ಕಿತು. ಅವರು ಬದುವಿನ ಮೇಲೆ ಕೂತು ನನ್ನ ಕಾಯಿಲನ್ನೇ ನೋಡುತ್ತಿದ್ದರು. "ಹೋಗ್ಲಿ ಬಿಡ್ರಿ ಅಣ್ಣಾರ, ಭೂಮಿತಾಯಿಗೆ ಕೊಟ್ಟೆ ಅನ್ಕೋತೀನಿ" ಅಂದಾಗ ನನಗೆ ನಿಲ್ಲಲಾಗಲಿಲ್ಲ. ಯಂತ್ರವನ್ನು ತಿರುಗಿಸಿ ನೋಡಿದರೆ ಡಿಲೇ 25ರಲ್ಲಿತ್ತು. ಹಿಂದಿನ ತಿಂಗಳು ಸಮುದ್ರದ ದಂಡೆಗೆ ಹೋದಾಗ ಏರಿಸಿದ್ದು, ಇಳಿಸಿರಲೇ ಇಲ್ಲ. ಅಷ್ಟು ತೆಳ್ಳನೆಯ ಉಂಗುರದ ನಾದ 25 ಮೈಕ್ರೊಸೆಕೆಂಡಿನ ಹೊತ್ತಿಗೆ ಸತ್ತೇ ಹೋಗಿರುತ್ತದೆ, ನಾನು ಸತ್ತ ಮೇಲೆ ಕಿವಿ ಕೊಡುತ್ತಿದ್ದೆ. 10ಕ್ಕೆ ಇಳಿಸಿ, ಮತ್ತೊಮ್ಮೆ ಗ್ರೌಂಡ್ ಬ್ಯಾಲೆನ್ಸ್ ಮಾಡಿ ಮೂರನೆಯ ಸಲ ಬಳಿದೆ. ನಾಲ್ಕನೆಯ ಮಡಿಯ ಅಂಚಿನಲ್ಲಿ, ಎರಡು ಸಲ ದಾಟಿ ಹೋದ ಜಾಗದಲ್ಲೇ, ಸಣ್ಣದೊಂದು ಮಿಸುಕು. ಮುಷ್ಟಿಗಾತ್ರದ ಒಂದು ಹೆಂಟೆ, ಒಡೆದರೆ ಒಳಗೆ ಹೊಳೆಯುವ ಒಂದು ಗೆರೆ. ಆ ಅಕ್ಕ ಹೆಂಟೆಯನ್ನು ಮಣ್ಣಿನ ಸಮೇತ ಹಣೆಗೆ ಒತ್ತಿಕೊಂಡರು.

ಅಂದಿನಿಂದ ಲೆಕ್ಕ ಹೀಗೆ ಇಟ್ಟುಕೊಂಡಿದ್ದೇನೆ: ಹೊಲದಲ್ಲಿ, ನದಿಯ ಮರಳಲ್ಲಿ ಯಂತ್ರಕ್ಕೆ ಸಾಧ್ಯವಾದ ಅತಿ ಕಡಿಮೆ ಡಿಲೇ, ನನ್ನದರಲ್ಲಿ 10. ಸಮುದ್ರದ ಒದ್ದೆ ಮರಳಲ್ಲಿ 12ರಿಂದ 15. ಅದಕ್ಕಿಂತ ಮೇಲೆ ಹೋಗುವುದು ದಪ್ಪ ವಸ್ತು ಹುಡುಕುವಾಗ ಮಾತ್ರ. ಯಂತ್ರ ಚೀಲಕ್ಕೆ ಹಾಕುವ ಮೊದಲು ಗುಂಡಿಗಳೆಲ್ಲ ಮೊದಲಿನ ಜಾಗಕ್ಕೆ.

ಎರಿ ಹೊಲದಲ್ಲಿ ಬಳಿಯುವುದು

ಹಗ್ಗ, ಗೂಟ ತರಲೇಬೇಕು. ಒಂದೊಂದು ಮೀಟರಿಗೆ ಹಗ್ಗ ಎಳೆದು ಪಟ್ಟಿ ಮಾಡಿ, ಒಂದು ಪಟ್ಟಿ ಮುಗಿದ ಮೇಲೆ ಮುಂದಿನದಕ್ಕೆ ಹೋಗಿ. ಪ್ರತಿ ಬೀಸಿನಲ್ಲೂ ಕಾಯಿಲಿನ ಅರ್ಧ ಭಾಗ ಹಿಂದಿನ ಬೀಸಿನ ಮೇಲೆ ಬರಬೇಕು. ಬೀಸಿನ ತುದಿಯಲ್ಲಿ ಕೈ ತಾನಾಗಿ ಮೇಲೇಳುತ್ತದೆ, ಅದನ್ನು ತಡೆಯುವುದಕ್ಕೆ ಒಂದು ತಿಂಗಳ ರೂಢಿ ಬೇಕು. ವೇಗ ನಿಧಾನವಿರಲಿ, ಎಡದಿಂದ ಬಲಕ್ಕೆ ಮೂರು ಸೆಕೆಂಡು. ಇಡೀ ಜಾಗ ಮುಗಿದ ಮೇಲೆ ಮೊದಲಿನದಕ್ಕೆ ಅಡ್ಡಲಾಗಿ ಇನ್ನೊಮ್ಮೆ ಬಳಿಯಿರಿ. ಉಂಗುರ ನಿಂತುಕೊಂಡಿದ್ದರೆ ಒಂದು ಕಡೆಯಿಂದ ಕೇಳದ್ದು ಇನ್ನೊಂದು ಕಡೆಯಿಂದ ಕೇಳುತ್ತದೆ.

ಎರಿ ನೆಲದ ದೊಡ್ಡ ಗುಟ್ಟು ಅದರ ಬಿರುಕು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಾಯಿ ಬಿಡುತ್ತದೆ. ಅದರೊಳಗೆ ಬಿದ್ದ ಉಂಗುರ ಎರಡು ಅಡಿ ಕೆಳಗೆ ಹೋಗಿ ಕೂತಿರುತ್ತದೆ, ಮೇಲಿನಿಂದ ಯಾವ ಕಾಯಿಲಿಗೂ ಸಿಗುವುದಿಲ್ಲ. ಕಳೆದದ್ದು ಚೈತ್ರ, ವೈಶಾಖದಲ್ಲಾದರೆ ಮೊದಲು ಟಾರ್ಚ್ ಹಿಡಿದು ಬಿರುಕುಗಳನ್ನು ನೋಡಿ, ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್ ಪಿನ್‌ಪಾಯಿಂಟರನ್ನು ಕೋಲಿಗೆ ಕಟ್ಟಿ ಇಳಿಸಿ. ಮಳೆಯಾದರೆ ಬಿರುಕು ಮುಚ್ಚಿಕೊಳ್ಳುತ್ತದೆ, ಆಮೇಲೆ ಅದು ದೇವರಿಗೇ ಗೊತ್ತು. ಹಾವು, ಚೇಳು ಇದೇ ಬಿರುಕುಗಳಲ್ಲಿ ಇರುತ್ತವೆ, ಬರಿಗೈ ಹಾಕಬೇಡಿ.

ಬಹಳ ಹಸಿ ಇದ್ದಾಗ ಎರಿ ಮಣ್ಣು ಕಾಯಿಲಿಗೆ ಮೆತ್ತಿಕೊಳ್ಳುತ್ತದೆ. ಮಣ್ಣು ಮೆತ್ತಿದ ಕಾಯಿಲು ಗ್ರೌಂಡ್ ಬ್ಯಾಲೆನ್ಸ್ ತಪ್ಪಿಸುತ್ತದೆ, ಆಗಾಗ ಒರೆಸಿ. ನೀರಾವರಿಯಿಂದ ಸವಳಾದ ಭೂಮಿಯಲ್ಲಿ, ಮೇಲೆ ಬಿಳಿ ಉಪ್ಪು ಎದ್ದಿರುತ್ತದಲ್ಲ ಅಲ್ಲಿ, ಹಸಿ ಇದ್ದರೆ ಡಿಲೇ ಒಂದೆರಡು ಮೈಕ್ರೊಸೆಕೆಂಡ್ ಏರಿಸಿ ನೋಡಿ. ನನಗೆ ಹೆಚ್ಚು ಅನುಕೂಲ ಕಂಡದ್ದು ಮಳೆ ಬಿದ್ದ ನಾಲ್ಕೈದು ದಿನಕ್ಕೆ, ಹೆಂಟೆ ಕೈಯಲ್ಲಿ ಪುಡಿಯಾಗುವ ಹದದಲ್ಲಿ.

ಸದ್ದು ಸಿಕ್ಕಿದಾಗ ಕಾಯಿಲನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಆಡಿಸಿ, ಸದ್ದು ಜೋರಾಗುವ ಎರಡು ಗೆರೆ ಕೂಡುವಲ್ಲಿ ಗುರುತು ಮಾಡಿ. ಕುರ್ಪಿಯಿಂದ ಗುರುತಿನ ಸುತ್ತ ಅಗೆಯಿರಿ, ನೇರ ಮೇಲೆಯೇ ಚುಚ್ಚಿದರೆ ಚಿನ್ನಕ್ಕೆ ಗಾಯವಾಗುತ್ತದೆ. ಮಣ್ಣನ್ನು ಬುಟ್ಟಿಗೆ ಹಾಕಿ ಗುಂಡಿಯನ್ನು ಮತ್ತೆ ಕೇಳಿ. ಗುಂಡಿ ಸುಮ್ಮನಿದ್ದರೆ ವಸ್ತು ಬುಟ್ಟಿಯಲ್ಲಿದೆ. ಆಮೇಲೆ ಕಾಯಿಲನ್ನು ನೆಲಕ್ಕೆ ಮಲಗಿಸಿ, ಬುಟ್ಟಿಯ ಮಣ್ಣನ್ನು ಮುಷ್ಟಿ ಮುಷ್ಟಿಯಾಗಿ ಅದರ ಮೇಲೆ ಆಡಿಸಿ. ಯಾವ ಮುಷ್ಟಿಗೆ ಕೂಗುತ್ತದೋ ಅದನ್ನು ಒಡೆಯಿರಿ. ಎರಿ ಮಣ್ಣನ್ನು ಸಾಣಿಗೆಯಲ್ಲಿ ಜರಡಿ ಹಿಡಿಯುವುದು ಸುಮ್ಮನೆ ಹೆಣಗಾಟ, ಈ ಬಗೆ ಚುರುಕು. ಗುಂಡಿ ಮುಚ್ಚಿ ತುಳಿದು ಮುಂದೆ ಹೋಗಿ. ಸಿಕ್ಕ ಮೊಳೆ, ತಂತಿಯನ್ನು ಚೀಲಕ್ಕೆ ಹಾಕಿಕೊಳ್ಳಿ. ಎತ್ತಿನ ಕಾಲಿಗೆ, ಟ್ರ್ಯಾಕ್ಟರಿನ ಗಾಲಿಗೆ ಅವು ಚುಚ್ಚುವುದು ತಪ್ಪಿತು.

ನದಿಯ ದಂಡೆ

ಕೂಡಲಸಂಗಮದಂಥ ಕಡೆ ಸಂಕ್ರಮಣದ ಸ್ನಾನದಲ್ಲಿ ಉಂಗುರ ಜಾರುವುದು ಹೆಚ್ಚು. ತಣ್ಣೀರಿಗೆ ಬೆರಳು ಸಣ್ಣಗಾಗುತ್ತದೆ, ಸೋಪು ಬೇರೆ. ಕೃಷ್ಣೆಯ ಮರಳಲ್ಲಿ ಕಪ್ಪು ಗೆರೆಗಳಿರುತ್ತವೆ. ಅವು ನೀರು ಜಾಲಿಸಿ ಕೂಡಿಸಿದ ಕಬ್ಬಿಣದ ಕಣಗಳು, ಭಾರವಾದದ್ದೆಲ್ಲ ಅಲ್ಲಿಯೇ ನಿಲ್ಲುತ್ತದೆ. ಉಂಗುರವೂ ಭಾರದ್ದೇ. ಉಪ್ಪಿಲ್ಲದ ಕಾರಣ ಪಿಐಗೆ ಇಲ್ಲಿ ಕೆಲಸ ಹಗುರ. ಭಯ ನೀರಿನದು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಮೊಣಕಾಲಿನಷ್ಟಿದ್ದದ್ದು ಎದೆಗೆ ಬರಲು ಹೊತ್ತು ಬೇಕಿಲ್ಲ, ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ದಂಡೆಯ ಅಂಬಿಗರನ್ನು, ಮೀನು ಹಿಡಿಯುವವರನ್ನು ಕೇಳದೆ ನೀರಿಗೆ ಇಳಿಯಬೇಡಿ.

ಸಮುದ್ರದ ದಂಡೆ

ಬೆಳಗಾವಿಯವರಿಗೆ ಚೋರ್ಲಾ ಘಾಟ್ ಇಳಿದರೆ ಗೋವಾ, ನಮ್ಮಲ್ಲಿ ಕಾರವಾರಕ್ಕೆ ಹೋಗುವವರೂ ಇದ್ದಾರೆ. ಮೊದಲು ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸಮುದ್ರ ಅತಿ ಹೆಚ್ಚು ಹಿಂದೆ ಸರಿಯುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ತಾಸು 25 ನಿಮಿಷ, ಹಾಗಾಗಿ ದಿನವೂ ಸುಮಾರು 50 ನಿಮಿಷ ತಡ. ಪೂರಾ ಇಳಿತಕ್ಕೆ ಎರಡು ತಾಸು ಮೊದಲೇ ಹೋಗಿ, ನೀರಿನ ಜೊತೆಗೇ ಕೆಳಗೆ ಇಳಿಯುತ್ತಾ ಹುಡುಕಿ. ನೀರು ತಿರುಗಿದ ಕೂಡಲೇ ನೀವೂ ತಿರುಗಿ.

ಒಣ ಮರಳಿನಲ್ಲಿ ಸಾದಾ ಡಿಟೆಕ್ಟರೇ ಸಾಕು, ಕಸ ಬೇರ್ಪಡಿಸುತ್ತದೆ. ಪಿಐ ಅಲ್ಲಿ ತಂದರೆ ಬಾಟಲಿ ಮುಚ್ಚಳ ಹೆಕ್ಕುವುದರಲ್ಲೇ ದಿನ ಹೋಗುತ್ತದೆ. ಪಿಐಯ ಜಾಗ ಒದ್ದೆ ಮರಳು, ಅಲೆ ಬಂದು ಹೋಗುವ ಪಟ್ಟಿ. ಇಲ್ಲಿ ಅಡ್ಡಾದಿಡ್ಡಿ ನಡೆಯದೆ ದಂಡೆಗೆ ಸಮನಾಗಿ, ಒಂದೇ ಮಟ್ಟದಲ್ಲಿ ನಡೆಯಿರಿ. ಮೇಲೆ ಕೆಳಗೆ ಹೋದರೆ ಹೆಜ್ಜೆ ಹೆಜ್ಜೆಗೂ ಉಪ್ಪಿನ ಹಸಿ ಬದಲಾಗಿ ಯಂತ್ರ ತೂಗಾಡುತ್ತದೆ. ಅಲೆ ಕಾಯಿಲಿನ ಮೇಲೆ ಹರಿದಾಗ ಸದ್ದು ಏರಿಳಿದರೆ ಡಿಲೇ ಒಂದು ಹೆಜ್ಜೆ ಏರಿಸಿ. ಒಂದೇ ಕಡೆ ಎರಡು ಮೂರು ಭಾರದ ವಸ್ತು ಸಿಕ್ಕರೆ ಅಲ್ಲಿಂದ ಕದಲಬೇಡಿ, ಸಮುದ್ರ ಒಂದೇ ತೂಕದ್ದನ್ನು ಒಂದೇ ಕಡೆ ತಂದು ಹಾಕುವುದುಂಟು. ತೂತುಗಳಿರುವ ಸ್ಟೇನ್‌ಲೆಸ್ ಸ್ಟೀಲಿನ ಕೈಬುಟ್ಟಿ ಇದ್ದರೆ ಮರಳು ತಾನೇ ಸೋರಿ ಹೋಗುತ್ತದೆ. ಮಳೆಗಾಲದ ಅಲೆ ದಂಡೆಯ ಮರಳನ್ನು ಕೊರೆದು ಒಯ್ಯುತ್ತದೆ, ಹಳೆಯ ವಸ್ತು ಮೇಲೆ ಬರುತ್ತದೆ ನಿಜ. ಆದರೆ ಆ ಅಲೆಯ ಹತ್ತಿರ ಬಯಲುಸೀಮೆಯ ನಾವು ಹೋಗಬಾರದು. ದಸರೆಯ ನಂತರ ಸಾಕು. ಕಾರವಾರದಲ್ಲಿ ನೌಕಾನೆಲೆಯ ಸುತ್ತಿನ ದಂಡೆಗೆ ಪ್ರವೇಶವಿಲ್ಲ. ಉಳಿದ ಕಡೆಯೂ ಜೀವರಕ್ಷಕರಿಗೆ, ಸ್ಥಳೀಯ ಪೊಲೀಸರಿಗೆ ಹೇಳಿಯೇ ಶುರು ಮಾಡಿ.

ನಿಧಿಯ ಮಾತು

ಯಂತ್ರ ಇದೆ ಎಂದು ಗೊತ್ತಾದ ಕೂಡಲೇ ರಾತ್ರಿ ಹೊತ್ತು ಫೋನ್ ಬರಲು ಶುರುವಾಗುತ್ತವೆ. ಹಾಳು ಗುಡಿ, ಹಳೇ ವಾಡೆ, ಆಲಮಟ್ಟಿ ಹಿನ್ನೀರು ಇಳಿದಾಗ ಕಾಣುವ ಮುಳುಗಡೆ ಊರಿನ ಗೋಡೆಗಳು. "ಅರ್ಧಾ ನಿಮಗ, ಅರ್ಧಾ ನಮಗ" ಎನ್ನುತ್ತಾರೆ. ಒಪ್ಪಬೇಡಿ. 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಮುಚ್ಚಿಡುವುದು ಅಪರಾಧ. ಐಹೊಳೆ, ಬಾದಾಮಿ, 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲು, ವಿಜಯಪುರದ ಗೋಳಗುಮ್ಮಟ ಇಂಥ ರಕ್ಷಿತ ಜಾಗಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ, ಅಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ನಾನಂತೂ ಅಂಥ ಊರುಗಳಿಗೆ ಹೋದಾಗ ಯಂತ್ರವನ್ನು ಗಾಡಿಯಿಂದ ಕೆಳಗೆ ಇಳಿಸುವುದೇ ಇಲ್ಲ. ಒಂದು ಹಳೆಯ ನಾಣ್ಯ ಮಣ್ಣಿನ ಯಾವ ಪದರದಲ್ಲಿ, ಯಾವ ಮಡಕೆಯ ಚೂರಿನ ಪಕ್ಕ ಇತ್ತು ಎಂಬುದರಲ್ಲೇ ಅದರ ಕಥೆ ಇರುತ್ತದೆ. ಕಿತ್ತು ತೆಗೆದ ನಾಣ್ಯ ಆ ಕಥೆಯನ್ನು ಕಳೆದುಕೊಂಡು ಬರೀ ಲೋಹದ ಚೂರಾಗುತ್ತದೆ. ಉಂಗುರ ಹುಡುಕುವಾಗ ಅಕಸ್ಮಾತ್ ಹಳೆಯದೇನಾದರೂ ಸಿಕ್ಕರೆ ಅಗೆಯುವುದನ್ನು ಅಲ್ಲೇ ನಿಲ್ಲಿಸಿ, ಫೋಟೊ ತೆಗೆದು, ಹೊಲದ ಮಾಲೀಕರ ಎದುರಿನಲ್ಲೇ ತಹಶೀಲ್ದಾರರ ಕಚೇರಿಗೆ ತಿಳಿಸಿ.

ಮನೆಗೆ ಬಂದ ಮೇಲೆ

ಸಮುದ್ರದಿಂದ ಬಂದ ದಿನವೇ ಕಾಯಿಲು, ಕೋಲು, ಬುಟ್ಟಿ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಉಪ್ಪು ಕನೆಕ್ಟರಿನ ಪಿನ್ನಿಗೆ ಹಿಡಿದರೆ ಒಂದೇ ವಾರದಲ್ಲಿ ಹಸಿರು ಕಿಲುಬು. ಕಾಯಿಲಿನ ಕೇಬಲ್ಲನ್ನು ಕೋಲಿಗೆ ಬಿಗಿಯಾಗಿ ಸುತ್ತಿ ಕಟ್ಟಿ, ಜೋತಾಡುವ ಕೇಬಲ್ಲು ಪಿಐಯಲ್ಲಿ ಹುಸಿ ಸದ್ದು ಹುಟ್ಟಿಸುತ್ತದೆ. ಈ ಯಂತ್ರ ಸಾದಾ ಡಿಟೆಕ್ಟರಿಗಿಂತ ಹೆಚ್ಚು ಬ್ಯಾಟರಿ ತಿನ್ನುತ್ತದೆ, ಚಾರ್ಜ್ ಮಾಡಿದ ಇನ್ನೊಂದು ಜೊತೆ ಚೀಲದಲ್ಲಿರಲಿ.

ಒಂದು ನೋಟುಬುಕ್ಕು ಇಡಿ. ಯಾರ ಹೊಲ, ಯಾವ ಮಡಿ, ಮಣ್ಣಿನ ಹದ, ಡಿಲೇ ಎಷ್ಟು, ಎಲ್ಲಿಂದ ಎಲ್ಲಿಗೆ ಬಳಿದಿರಿ, ಎಲ್ಲಿ ಉಳಿಯಿತು. ಸಿಗದೆ ಹೋದ ಹೊಲಗಳ ಪುಟಕ್ಕೆ ಮೂಲೆ ಮಡಚಿಡಿ. ಬೆಳೆ ಬಂದ ಮೇಲೆ, ಮುಂದಿನ ಹಂಗಾಮಿಗೆ ರಂಟಿ ಹೊಡೆದ ಮರುದಿನ ಆ ಮನೆಗೆ ಫೋನ್ ಮಾಡಿ. ಕೆಳಗಿದ್ದ ಮಣ್ಣು ಮೇಲೆ ಬಂದಿರುತ್ತದೆ. ನನ್ನ ಪುಸ್ತಕದಲ್ಲಿ ಈಗ ಅಂಥ ಐದು ಪುಟಗಳಿವೆ. ಒಂದು ಬೀಳಗಿ ರಸ್ತೆಯ ಗೋವಿನಜೋಳದ ಹೊಲ, ಅಜ್ಜಿಯ ಬೆಳ್ಳಿ ಕಾಲುಂಗುರ. ಜೋಳ ಮುರಿದು ರಂಟಿ ಹೊಡೆಯುವುದು ಮುಂದಿನ ವಾರ ಎಂದು ಅವರ ಮಗ ತಿಳಿಸಿದ್ದಾರೆ, ಹಗ್ಗ ಗೂಟ ತೆಗೆದಿಟ್ಟಿದ್ದೇನೆ.